ಆಕಾಶದಲ್ಲಿ ಉಸಿರಿನ ಲೆಕ್ಕ

ಯುದ್ಧದ ಚರಿತ್ರೆ ಬರೆಯುವವರು ಸೇನಾಪತಿಗಳ ಹೆಸರನ್ನೂ, ಗೆದ್ದ ಊರುಗಳ ಹೆಸರನ್ನೂ, ಮಡಿದವರ ಸಂಖ್ಯೆಯನ್ನೂ ಬರೆಯುತ್ತಾರೆ. ಎರಡನೆಯ ಮಹಾಯುದ್ಧದ ವಿಮಾನಗಳ ಮಾತು ಬಂದರೆ ಎಂಜಿನ್ನಿನ ಕುದುರೆಬಲ, ಬಾಂಬಿನ ತೂಕ, ಹಾರಾಟದ ವೇಗ ಇವುಗಳಿಂದಲೇ ಪುಟಗಳು ತುಂಬುತ್ತವೆ. ಆ ವಿಮಾನದೊಳಗೆ ಕುಳಿತಿದ್ದ ಮನುಷ್ಯ ಉಸಿರಾಡಿದ್ದು ಹೇಗೆ ಎಂದು ಕೇಳುವವರು ಕಡಿಮೆ. ಶತ್ರುವಿನ ಗುಂಡು ತಾಗದೆ, ಎಂಜಿನ್ನು ಕೆಡದೆ, ಬರಿಯ ಪ್ರಾಣವಾಯು ಸಾಲದೆ ಆ ಯುದ್ಧದಲ್ಲಿ ಸತ್ತವರೂ ಉಂಟು. ಈ ವರ್ಷದ ರಾಜ್ಯೋತ್ಸವ ಸಂಚಿಕೆಗೆ ನಾವು ಅವರ ಕಥೆಯನ್ನೇ ಆರಿಸಿಕೊಂಡಿದ್ದೇವೆ. ನಾವು ವಿಜ್ಞಾನ ಕಲಿತವರಲ್ಲ. ವಾಣಿಜ್ಯಶಾಸ್ತ್ರ ಓದಿ ಬ್ಯಾಂಕಿನಲ್ಲಿ ಲೆಕ್ಕ ಬರೆಯುವವರು. ಆದರೆ ಇದೂ ಒಂದು ಬಗೆಯ ಲೆಕ್ಕದ ಕಥೆಯೇ ಆದುದರಿಂದ ಹೇಳುವ ಧೈರ್ಯ ಮಾಡಿದ್ದೇವೆ.

ಮೊದಲು ಲೆಕ್ಕವನ್ನೇ ನೋಡೋಣ. ಎತ್ತರಕ್ಕೆ ಹೋದಂತೆ ಗಾಳಿಯಲ್ಲಿ ಆಮ್ಲಜನಕದ ಪ್ರಮಾಣ ಕಡಿಮೆಯಾಗುತ್ತದೆಂದು ಅನೇಕರು ತಿಳಿದಿದ್ದಾರೆ. ಹಾಗಿಲ್ಲ. ಮುಂಬಯಿಯ ಸಮುದ್ರತೀರದಲ್ಲಿಯೂ, ಎವರೆಸ್ಟಿನ ತುದಿಯಲ್ಲಿಯೂ ಗಾಳಿಯಲ್ಲಿ ಆಮ್ಲಜನಕದ ಪಾಲು ಶೇಕಡಾ 21 ರಷ್ಟೇ. ಇಳಿಯುವುದು ಗಾಳಿಯ ಒಟ್ಟು ಒತ್ತಡ. ಸಮುದ್ರಮಟ್ಟದಲ್ಲಿ ಅದು 760 ಮಿಲಿಮೀಟರ್ ಪಾದರಸದಷ್ಟಿದ್ದರೆ 18,000 ಅಡಿಯಲ್ಲಿ ಅದರ ಅರ್ಧ, 34,000 ಅಡಿಯಲ್ಲಿ ಸುಮಾರು ಕಾಲುಭಾಗ. ಒಂದು ಕಂಪೆನಿ ಬಂಡವಾಳದ ಮೇಲೆ ಪ್ರತಿವರ್ಷವೂ ಶೇಕಡಾ 21 ರಂತೆ ಲಾಭಾಂಶ ಕೊಡುತ್ತದೆಂದು ಇಟ್ಟುಕೊಳ್ಳಿ. ಬಂಡವಾಳ 760 ರೂಪಾಯಿ ಇದ್ದಾಗ ಕೈಗೆ ಬರುವುದು ಸುಮಾರು 160. ಬಂಡವಾಳವೇ 380 ಕ್ಕೆ ಕರಗಿದಾಗ 80. ದರ ಬದಲಾಗಿಲ್ಲ, ಆದರೂ ಮನೆ ನಡೆಯುವುದಿಲ್ಲ. ನೆತ್ತರಿಗೆ ಬೇಕಾದುದು ದರವಲ್ಲ, ಕೈಗೆ ಬರುವ ಮೊತ್ತ.

ಈ ಸತ್ಯವನ್ನು ಮನುಷ್ಯ ಕಲಿತದ್ದು ಬಲೂನುಗಳ ಕಾಲದಲ್ಲಿ. 1862 ರ ಸೆಪ್ಟೆಂಬರ್ 5 ರಂದು ಇಂಗ್ಲೆಂಡಿನ ವುಲ್ವರ್‌ಹ್ಯಾಂಪ್ಟನ್ನಿನಿಂದ ಜೇಮ್ಸ್ ಗ್ಲೇಷರ್ ಮತ್ತು ಹೆನ್ರಿ ಕಾಕ್ಸ್‌ವೆಲ್ ಎಂಬಿಬ್ಬರು ಬಲೂನನ್ನೇರಿ 29,000 ಅಡಿಗೂ ಮೇಲಕ್ಕೆ ಹೋದರು. ಗ್ಲೇಷರನಿಗೆ ಮೊದಲು ಕೈಯಾಡದಾಯಿತು, ಆಮೇಲೆ ಕಣ್ಣು ಕಾಣದಾಯಿತು, ಕಡೆಗೆ ಪ್ರಜ್ಞೆಯೇ ಹೋಯಿತು. ಕಾಕ್ಸ್‌ವೆಲ್ಲನ ಕೈಗಳು ಚಳಿಗೆ ಮರಗಟ್ಟಿದ್ದವು. ಅನಿಲ ಬಿಡುವ ಕವಾಟದ ಹಗ್ಗವನ್ನು ಅವನು ಹಲ್ಲಿನಿಂದ ಕಚ್ಚಿ ಎಳೆದುದರಿಂದ ಇಬ್ಬರೂ ಬದುಕಿ ಕೆಳಗಿಳಿದರು.

ಹದಿಮೂರು ವರ್ಷಗಳ ತರುವಾಯ ಫ್ರಾನ್ಸಿನ ಮೂವರಿಗೆ ಆ ಅದೃಷ್ಟವಿರಲಿಲ್ಲ. 1875 ರ ಏಪ್ರಿಲ್ 15 ರಂದು ಪ್ಯಾರಿಸಿನಿಂದ ‘ಜೆನಿತ್’ ಎಂಬ ಬಲೂನು ಏರಿತು. ಅದರಲ್ಲಿ ಗಾಸ್ತೋಂ ತಿಸಾಂದಿಯೆ, ಕ್ರೋಸೆ-ಸ್ಪಿನೆಲ್ಲಿ ಮತ್ತು ಸಿವೆಲ್ ಇದ್ದರು. ಅವರು ಅರಿಯದವರಲ್ಲ. ಪಾಲ್ ಬೇರ್ ಎಂಬ ಶರೀರವಿಜ್ಞಾನಿಯ ಕಬ್ಬಿಣದ ಕೋಣೆಯಲ್ಲಿ ಕುಳಿತು, ಒತ್ತಡ ಇಳಿಸಿಕೊಂಡು, ಆಮ್ಲಜನಕ ಸೇದಿದರೆ ಚೇತರಿಕೆ ಬರುವುದನ್ನು ಸಿವೆಲ್ ಮತ್ತು ಕ್ರೋಸೆ-ಸ್ಪಿನೆಲ್ಲಿ 1874 ರಲ್ಲಿಯೇ ಕಂಡುಕೊಂಡಿದ್ದರು. ‘ಜೆನಿತ್’ನಲ್ಲಿಯೂ ಆಮ್ಲಜನಕ ತುಂಬಿದ ಚೀಲಗಳು ತಲೆಯ ಮೇಲೆ ತೂಗುತ್ತಿದ್ದವು. ಇಷ್ಟು ಸಾಲದು ಎಂದು ಪಾಲ್ ಬೇರ್ ಬರೆದ ಕಾಗದ ಅವರಿಗೆ ಸಕಾಲದಲ್ಲಿ ತಲುಪಲಿಲ್ಲ. ಇದ್ದಷ್ಟನ್ನಾದರೂ ಬಳಸಿದರೇ ಎಂದರೆ ಅದೂ ಇಲ್ಲ. ನಳಿಗೆಯನ್ನು ಬಾಯಿಗಿಡಬೇಕೆಂದು ತಿಸಾಂದಿಯೆಗೆ ತೋಚುವಷ್ಟರಲ್ಲಿ ಅವನ ಕೈ ಏಳದಾಗಿತ್ತು. ಬಲೂನು ಸುಮಾರು 28,000 ಅಡಿ ಮುಟ್ಟಿ ಇಳಿದಾಗ ಅವನೊಬ್ಬನೇ ಬದುಕಿದ್ದ, ಮಿಕ್ಕಿಬ್ಬರು ಸತ್ತಿದ್ದರು. ಆ ಎತ್ತರದಲ್ಲಿ ನೋವೂ ಇರಲಿಲ್ಲ, ಭಯವೂ ಇರಲಿಲ್ಲ, ಒಂದು ಬಗೆಯ ಹರ್ಷವೇ ಇತ್ತು ಎಂದು ಅವನು ಆಮೇಲೆ ಬರೆದ. ವಾಚಕರು ಈ ಮಾತನ್ನು ನೆನಪಿನಲ್ಲಿಡಬೇಕು. ಮುಂದಿನ ಎಪ್ಪತ್ತು ವರ್ಷಗಳ ಕಥೆಯ ಬೀಜ ಇದರಲ್ಲಿಯೇ ಇದೆ.

ಪಾಲ್ ಬೇರ್ ತನ್ನ ಪ್ರಯೋಗಗಳನ್ನೆಲ್ಲ ಸೇರಿಸಿ 1878 ರಲ್ಲಿ ಒಂದು ದೊಡ್ಡ ಗ್ರಂಥವನ್ನು ಪ್ರಕಟಿಸಿದ. ನಾವು ಮೇಲೆ ಹೇಳಿದ ಲಾಭಾಂಶದ ಲೆಕ್ಕದ ತಿರುಳು ಅದರಲ್ಲಿಯೇ ಇದೆ. ಆ ಗ್ರಂಥ ಇಂಗ್ಲಿಷಿಗೆ ಬಂದುದು 1943 ರಲ್ಲಿ, ಅಮೆರಿಕದಲ್ಲಿ. ಅರುವತ್ತೈದು ವರ್ಷ ಹಳೆಯ ಪುಸ್ತಕವನ್ನು ಯುದ್ಧದ ನಡುವೆ ಅನುವಾದಿಸಿ ಅಚ್ಚುಹಾಕಬೇಕಾದರೆ ಅದರ ಅಗತ್ಯ ಎಷ್ಟಿದ್ದಿರಬೇಕು! ಅಷ್ಟು ಹೊತ್ತಿಗೆ ಸಾವಿರಾರು ಯುವಕರು ಪ್ರತಿದಿನವೂ ತಿಸಾಂದಿಯೆಯ ಎತ್ತರಕ್ಕೆ ಏರುತ್ತಿದ್ದರು.

ಏರಿದ್ದು ಏತಕ್ಕೆ? ಕೆಳಗಿನಿಂದ ಹಾರಿಸುವ ತೋಪುಗಳ ಗುರಿ ಎತ್ತರ ಹೆಚ್ಚಿದಷ್ಟೂ ತಪ್ಪುತ್ತದೆ. ಮೇಲಿರುವ ವಿಮಾನ ಕೆಳಗಿರುವುದರ ಮೇಲೆ ಎರಗಬಲ್ಲದು. ತೆಳುವಾದ ಗಾಳಿಯಲ್ಲಿ ಎಂಜಿನ್ನಿಗೂ ಉಸಿರು ಕಟ್ಟುತ್ತದೆ. ಆದರೆ ಗಾಳಿಯನ್ನು ಒತ್ತಿ ಎಂಜಿನ್ನಿಗೆ ಉಣಿಸುವ ಸೂಪರ್‌ಚಾರ್ಜರ್ ಎಂಬ ಯಂತ್ರ ಆ ತೊಂದರೆಯನ್ನು ಕಳೆಯಿತು. ಎಂಜಿನ್ನಿಗೆ ಉಸಿರು ಸಿಕ್ಕಿತು. ನಡೆಸುವವನ ಪಾಡು ಬೇರೆಯಾಗಿ ನೋಡಿಕೊಳ್ಳಬೇಕಾಯಿತು.

ಆಮ್ಲಜನಕದ ಕೊರತೆಯ ದೊಡ್ಡ ಮೋಸ ಯಾವುದೆಂದರೆ ಅದು ಮೊದಲು ಕೊಲ್ಲುವುದು ವಿವೇಕವನ್ನು. ನೀರಿನಲ್ಲಿ ಮುಳುಗುವವನು ಒದ್ದಾಡುತ್ತಾನೆ. ಹೊಗೆಯಲ್ಲಿ ಸಿಕ್ಕವನು ಕೆಮ್ಮುತ್ತಾನೆ. ತೆಳುಗಾಳಿಯಲ್ಲಿರುವವನು ನಿಟ್ಟುಸಿರು ಕೂಡ ಬಿಡುವುದಿಲ್ಲ. ಎದೆಗೆ ಹೋಗುವ ಗಾಳಿ ಮೊದಲಿನಂತೆಯೇ ಹೋಗುತ್ತದೆ, ಬರುತ್ತದೆ. ತಾನು ಬಹಳ ಚೆನ್ನಾಗಿದ್ದೇನೆ, ಎಂದಿಗಿಂತ ಜಾಣನಾಗಿದ್ದೇನೆ ಎಂದೇ ಅವನಿಗೆ ತೋರುತ್ತದೆ. ಯುದ್ಧಕಾಲದಲ್ಲಿ ವೈಮಾನಿಕರಿಗೆ ಇದನ್ನು ಕಲಿಸಲು ಒತ್ತಡ ಇಳಿಸುವ ಕೋಣೆಗಳನ್ನು ಬಳಸುತ್ತಿದ್ದರು. ಮಾಸ್ಕು ತೆಗೆಸಿ, ಕೈಗೆ ಕಾಗದ ಪೆನ್ಸಿಲು ಕೊಟ್ಟು, ಹೆಸರು ಬರೆಯಲು ಅಥವಾ ಸುಲಭವಾದ ಲೆಕ್ಕ ಮಾಡಲು ಹೇಳುವರು. ಮೊದಲ ಸಾಲು ದುಂಡಾದ ಅಕ್ಷರ, ನಾಲ್ಕನೆಯದು ವಕ್ರ, ಆಮೇಲಿನದು ಬರಿಯ ಗೀಚು. ಮತ್ತೆ ಆಮ್ಲಜನಕ ಕೊಟ್ಟ ಮೇಲೆ ಆ ಹಾಳೆಯನ್ನು ತೋರಿಸಿದರೆ ಬರೆದವನಿಗೇ ಆಶ್ಚರ್ಯ. ತಾನು ಕಡೆಯವರೆಗೂ ಸರಿಯಾಗಿಯೇ ಬರೆದೆನೆಂದು ಅವನು ನಂಬಿದ್ದ.

ಹೀಗೆ ಬುದ್ಧಿ ಸ್ವಾಧೀನದಲ್ಲಿರುವ ಅವಧಿ 25,000 ಅಡಿಯಲ್ಲಿ ಮೂರರಿಂದ ಐದು ನಿಮಿಷ. 30,000 ಅಡಿಯಲ್ಲಿ ಒಂದೆರಡು ನಿಮಿಷ. 35,000 ಅಡಿಯಲ್ಲಿ ಅರ್ಧದಿಂದ ಒಂದು ನಿಮಿಷ. 40,000 ಅಡಿಯಲ್ಲಿ ಹದಿನೈದು ಇಪ್ಪತ್ತು ಸೆಕೆಂಡು. ನಗದು ಕೌಂಟರಿನಲ್ಲಿ ಒಂದು ನೋಟಿನ ಕಟ್ಟು ಎಣಿಸಿ ಮುಗಿಸುವಷ್ಟೂ ಹೊತ್ತಲ್ಲ.

ಇದಕ್ಕೆ ಪರಿಹಾರ ಎರಡೇ. ಮೇಲಿನ ಉಪಮಾನವನ್ನೇ ಮುಂದುವರಿಸಿದರೆ, ಲಾಭಾಂಶದ ದರವನ್ನು ಏರಿಸಬೇಕು, ಇಲ್ಲವೇ ಬಂಡವಾಳವನ್ನೇ ಏರಿಸಬೇಕು. ಮಾಸ್ಕಿನ ಮೂಲಕ ಹೆಚ್ಚು ಆಮ್ಲಜನಕ ಕೊಡುವುದು ಮೊದಲನೆಯದು. ವಿಮಾನದ ಕೋಣೆಯನ್ನು ಬಿಗಿಯಾಗಿ ಮುಚ್ಚಿ, ಒಳಗೆ ಗಾಳಿಯನ್ನು ಒತ್ತಿ ತುಂಬುವುದು ಎರಡನೆಯದು.

ಯುದ್ಧದ ಬಹುಭಾಗ ನಡೆದುದು ಮಾಸ್ಕಿನ ಬಲದ ಮೇಲೆ. ಇಂಗ್ಲೆಂಡಿನಿಂದ ಜರ್ಮನಿಯ ಮೇಲೆ ಹಗಲಿನಲ್ಲಿ ದಾಳಿಮಾಡಿದ ಅಮೆರಿಕದ ಬಿ-17 ಮತ್ತು ಬಿ-24 ವಿಮಾನಗಳಲ್ಲಿ ಹತ್ತು ಮಂದಿಯ ತಂಡ. ಒತ್ತಡದ ಕೋಣೆ ಎಂಬುದು ಅವುಗಳಲ್ಲಿ ಇರಲಿಲ್ಲ. 25,000 ಅಡಿಯ ಸುಮಾರಿನಲ್ಲಿ, ಸೊನ್ನೆಗಿಂತ 40 ಡಿಗ್ರಿ ಕೆಳಗಿನ ಚಳಿಯಲ್ಲಿ, ಪಕ್ಕದ ಕಿಟಕಿಗಳು ತೆರೆದಿರುವಂತೆಯೇ ಗಂಟೆಗಟ್ಟಲೆ ಹಾರಾಟ. ಮೊದಲಿಗೆ ಬಳಕೆಯಲ್ಲಿದ್ದ ಮಾಸ್ಕಿನಲ್ಲಿ ಆಮ್ಲಜನಕ ಒಂದೇ ಸಮನೆ ಹರಿಯುತ್ತಿತ್ತು; ಉಸಿರು ಬಿಡುವಾಗ ಹರಿದುದು ಬಹುಮಟ್ಟಿಗೆ ಪೋಲು. ಆಮೇಲೆ, ಉಸಿರೆಳೆದಾಗ ಮಾತ್ರ ತೆರೆದುಕೊಳ್ಳುವ, ಎತ್ತರ ಹೆಚ್ಚಿದಂತೆ ಆಮ್ಲಜನಕದ ಪಾಲನ್ನು ತಾನೇ ಹೆಚ್ಚಿಸುವ ರೆಗ್ಯುಲೇಟರುಗಳು ಬಂದವು. ಸಿಲಿಂಡರುಗಳ ವಿಷಯದಲ್ಲಿಯೂ ಒಂದು ಜಾಣ್ಮೆ ಇತ್ತು. ಹೆಚ್ಚು ಒತ್ತಡದಲ್ಲಿ ತುಂಬಿದ ಸಿಲಿಂಡರಿಗೆ ಗುಂಡು ತಾಗಿದರೆ ಅದೇ ಬಾಂಬಿನಂತೆ ಸಿಡಿಯುವುದು. ಆದಕಾರಣ ಚದರ ಅಂಗುಲಕ್ಕೆ 400 ಪೌಂಡಿನಷ್ಟೇ ಒತ್ತಡದ, ಹಳದಿ ಬಣ್ಣದ, ಸುಲಭವಾಗಿ ಸಿಡಿಯದ ಸಿಲಿಂಡರುಗಳನ್ನು ಹಲವಾರು ಕಡೆ ಹಂಚಿ ಇಟ್ಟರು. ಎದ್ದು ಓಡಾಡಬೇಕಾದವನು ಸಣ್ಣದೊಂದು ಸಿಲಿಂಡರನ್ನು ಜೊತೆಯಲ್ಲಿಯೇ ಒಯ್ಯಬೇಕು.

ಇಷ್ಟಾದರೂ ಸಾವು ತಪ್ಪಲಿಲ್ಲ. ಉಸಿರಿನ ತೇವ ಮಾಸ್ಕಿನಲ್ಲಿ ಹೆಪ್ಪುಗಟ್ಟಿ ದಾರಿ ಮುಚ್ಚುತ್ತಿತ್ತು. ಆಗಾಗ ಕೈಯಿಂದ ಹಿಸುಕಿ ಆ ಮಂಜುಗಡ್ಡೆಯನ್ನು ಪುಡಿಮಾಡಬೇಕು. ಗಡಿಬಿಡಿಯಲ್ಲಿ ತಿರುಗಿದಾಗ ನಳಿಗೆ ಕಳಚಿಕೊಳ್ಳುತ್ತಿತ್ತು. ಕಳಚಿದುದು ಕಳಚಿಕೊಂಡವನಿಗೆ ತಿಳಿಯುವುದಿಲ್ಲ, ಅವನಂತೂ ಹರ್ಷದಲ್ಲಿದ್ದಾನೆ. ಬಾಲದ ಕೊನೆಯಲ್ಲಿ, ಹೊಟ್ಟೆಯ ಕೆಳಗಿನ ಗಾಜಿನ ಗೋಳದಲ್ಲಿ ಒಬ್ಬಂಟಿಯಾಗಿ ಕುಳಿತ ಗನ್ನರುಗಳಿಗೆ ಈ ಅಪಾಯ ಹೆಚ್ಚು. ಆದುದರಿಂದ ಒಂದು ನಿಯಮ ಮಾಡಿದರು. ಕೆಲವು ನಿಮಿಷಗಳಿಗೊಮ್ಮೆ ತಂಡದಲ್ಲೊಬ್ಬನು ವಿಮಾನದೊಳಗಿನ ಟೆಲಿಫೋನಿನಲ್ಲಿ ಪ್ರತಿಯೊಬ್ಬನನ್ನೂ ಕರೆಯಬೇಕು, ಪ್ರತಿಯೊಬ್ಬನೂ ಓಗೊಡಬೇಕು. ಓಗೊಡದವನ ಬಳಿಗೆ ಹತ್ತಿರದವನು ಸಿಲಿಂಡರು ಹಿಡಿದು ಓಡಬೇಕು.

ಯುದ್ಧಕಾಲದ ಯಂತ್ರಗಳೆಲ್ಲದರ ನಡುವೆ ನಮ್ಮ ಮನಸ್ಸನ್ನು ಹಿಡಿದು ನಿಲ್ಲಿಸಿದುದು ಈ ಯಂತ್ರವಲ್ಲದ ಉಪಾಯ. ಬ್ಯಾಂಕಿನಲ್ಲಿ ಒಬ್ಬ ಬರೆದ ವೋಚರನ್ನು ಇನ್ನೊಬ್ಬ ಪರಿಶೀಲಿಸಿ ರುಜು ಹಾಕಿದ ಹೊರತು ಲೆಕ್ಕ ಪೂರ್ಣವಾಗುವುದಿಲ್ಲ. ಇದು ಮೊದಲನೆಯವನ ಮೇಲಿನ ಅಪನಂಬಿಕೆ ಎಂದು ಹೊಸಬರು ತಿಳಿಯುತ್ತಾರೆ. ನಿಜವಾಗಿ ಇದು ಅವನ ರಕ್ಷಣೆ. ತನ್ನ ತಪ್ಪು ತನ್ನ ಕಣ್ಣಿಗೆ ಸರಿಯಾಗಿಯೇ ಕಾಣುತ್ತದೆ. ತೆಳುಗಾಳಿಯಲ್ಲಿ ಈ ಮಾತು ಜೀವ ಮರಣದ ಪ್ರಶ್ನೆ. ಅಲ್ಲಿ ಮನುಷ್ಯ ತನ್ನ ಬುದ್ಧಿಯ ಲೆಕ್ಕವನ್ನು ತಾನೇ ತಪಾಸಣೆ ಮಾಡಲಾರ. ತಪಾಸಣೆ ಮಾಡಬೇಕಾದ ಬುದ್ಧಿಯೇ ಮೊದಲು ಹೋಗಿರುತ್ತದೆ.

ಮಾಸ್ಕಿಗೂ ಒಂದು ಮೇರೆ ಉಂಟು. ಶ್ವಾಸಕೋಶದೊಳಗಿನ ನೀರಾವಿಯೂ ಇಂಗಾಲಾಮ್ಲವೂ ಸೇರಿ ಸ್ವಲ್ಪ ಒತ್ತಡವನ್ನು ತಮ್ಮ ಪಾಲೆಂದು ತೆಗೆದುಕೊಳ್ಳುತ್ತವೆ. ಮನೆಬಾಡಿಗೆಯಂತೆ, ಸಂಬಳ ಇಳಿದರೂ ಇದು ಅಷ್ಟಾಗಿ ಇಳಿಯದು. 34,000 ಅಡಿಯವರೆಗೆ ಶುದ್ಧ ಆಮ್ಲಜನಕ ಸೇದುವವನು ಸಮುದ್ರತೀರದಲ್ಲಿ ಇದ್ದವನಂತೆಯೇ. 40,000 ಅಡಿಯಲ್ಲಿ ಅವನ ಸ್ಥಿತಿ 10,000 ಅಡಿಯ ಬೆಟ್ಟದ ಮೇಲಿರುವವನಂತೆ. ಅದಕ್ಕೂ ಮೇಲೆ ಬಾಡಿಗೆ ಕಳೆದು ಉಳಿಯುವುದು ಸಾಲದು. ದರವನ್ನು ನೂರಕ್ಕೆ ಏರಿಸಿದ ಮೇಲೆ ಇನ್ನು ಏರಿಸುವುದೇನು? ಬಂಡವಾಳವನ್ನೇ ಹೆಚ್ಚಿಸಬೇಕು.

ಒತ್ತಡದ ಕೋಣೆಯ ಪ್ರಯೋಗ ಯುದ್ಧಕ್ಕೆ ಮುಂಚೆಯೇ ಫಲಿಸಿತ್ತು. 1937 ರಲ್ಲಿ ಅಮೆರಿಕದ ಎಕ್ಸ್‌ಸಿ-35 ಎಂಬ ಪ್ರಯೋಗದ ವಿಮಾನ ಹಾರಿತು. 1940 ರಲ್ಲಿ ಬೋಯಿಂಗ್ ಸ್ಟ್ರಾಟೋಲೈನರ್ ಪ್ರಯಾಣಿಕರನ್ನು ಒಯ್ಯತೊಡಗಿತು. ಯುದ್ಧದಲ್ಲಿ ಇದನ್ನು ಮೊದಲು ಉಪಯೋಗಿಸಿದವರು ಜರ್ಮನರು. ಅವರ ಯುಂಕರ್ಸ್ 86 ವಿಮಾನಕ್ಕೆ ಒತ್ತಡದ ಕೋಣೆಯನ್ನೂ ಉದ್ದನೆಯ ರೆಕ್ಕೆಗಳನ್ನೂ ಜೋಡಿಸಿದಾಗ ಅದು 40,000 ಅಡಿಗೂ ಮೇಲೇರಿತು. 1942 ರ ಆಗಸ್ಟ್ 28 ರಂದು ಅಂತಹ ಒಂದೇ ವಿಮಾನ ಹಾಕಿದ ಒಂದೇ ಬಾಂಬು ಬ್ರಿಸ್ಟಲ್ ನಗರದ ಬೀದಿಯಲ್ಲಿ ಬಸ್ಸುಗಳ ನಡುವೆ ಬಿದ್ದು 45 ಮಂದಿ ಸತ್ತರು.

ಬ್ರಿಟಿಷರ ಒತ್ತಡದ ಸ್ಪಿಟ್‌ಫೈರ್ ಆರನೆಯ ಮಾದರಿಯದು. ಅದರ ಕೋಣೆಯಲ್ಲಿ ಹೊರಗಿನದಕ್ಕಿಂತ ಚದರ ಅಂಗುಲಕ್ಕೆ 2 ಪೌಂಡು ಮಾತ್ರ ಹೆಚ್ಚಿನ ಒತ್ತಡ. ಗಾಜಿನ ಮುಚ್ಚಳವನ್ನು ನೆಲದ ಮೇಲಿನವರು ಬಿಗಿದು ಕಳುಹಿಸಬೇಕು. ಹಾರುವವನು ಅದನ್ನು ಸರಿಸಲಾರ, ಆಪತ್ತಿನಲ್ಲಿ ಪೂರ್ತಿ ಕಿತ್ತೊಗೆಯಬಹುದು ಅಷ್ಟೆ. ಡಬ್ಬಿಯೊಳಗೆ ಬೀಗ ಹಾಕಿಸಿಕೊಂಡು ಯುದ್ಧಕ್ಕೆ ಹೋಗುವುದು ವೈಮಾನಿಕರಿಗೆ ಹಿಡಿಸಲಿಲ್ಲ. ಕಡೆಗೆ 1942 ರ ಸೆಪ್ಟೆಂಬರ್ 12 ರಂದು ಸೌತಾಂಪ್ಟನ್ನಿನ ಮೇಲೆ ಯುಂಕರ್ಸನ್ನು ಹಿಡಿದುದು ಭಾರ ಇಳಿಸಿ ಹಗುರ ಮಾಡಿದ ಒಂದು ಸಾಮಾನ್ಯ ಒಂಬತ್ತನೆಯ ಮಾದರಿಯ ಸ್ಪಿಟ್‌ಫೈರ್. ಎಮಾನುಯೆಲ್ ಗಾಲಿಟ್ಸಿನ್ ಎಂಬ ಅದರ ಚಾಲಕನಿಗೆ ಒತ್ತಡದ ಕೋಣೆ ಇರಲಿಲ್ಲ. ಮಾಸ್ಕಿನ ಮೇರೆಯನ್ನು ದಾಟಿ, 40,000 ಅಡಿಗೂ ಬಹಳ ಮೇಲೆ ಅವನು ಹೋರಾಡಿದ. ಚಳಿಗೆ ಅವನ ಎರಡು ಫಿರಂಗಿಗಳಲ್ಲಿ ಒಂದು ಕೆಲಸ ಮಾಡಲಿಲ್ಲ. ಜರ್ಮನ್ ವಿಮಾನ ರೆಕ್ಕೆಗೆ ಏಟು ತಿಂದು ತಪ್ಪಿಸಿಕೊಂಡಿತು. ಆದರೆ ಆ ಎತ್ತರ ಇನ್ನು ಸುರಕ್ಷಿತವಲ್ಲವೆಂದು ಎರಡು ಪಕ್ಷಗಳಿಗೂ ತಿಳಿಯಿತು.

ಒತ್ತಡದ ಕೋಣೆಯನ್ನು ಪೂರ್ಣ ಪ್ರಮಾಣದಲ್ಲಿ ಯುದ್ಧಕ್ಕೆ ತಂದುದು ಅಮೆರಿಕದ ಬಿ-29. ಅದರ ಮೊದಲ ಯುದ್ಧಯಾತ್ರೆ ಹೊರಟದ್ದು ನಮ್ಮ ದೇಶದ ನೆಲದಿಂದಲೇ. ಬಂಗಾಳದ ಖರಗಪುರದ ಸುತ್ತಣ ನೆಲೆಗಳಿಂದ 1944 ರ ಜೂನ್ 5 ರಂದು ಅವು ಬ್ಯಾಂಕಾಕಿನ ಮೇಲೆ ಹೋದವು. ಅವುಗಳ ದಂಡಿನ ಕಚೇರಿ ಇದ್ದುದು ಸ್ವಾತಂತ್ರ್ಯ ಹೋರಾಟಗಾರರನ್ನು ಕೂಡಿಹಾಕುತ್ತಿದ್ದ ಹಿಜಲಿ ಬಂಧೀಖಾನೆಯ ಕಟ್ಟಡದಲ್ಲಿ. 1951 ರಲ್ಲಿ ದೇಶದ ಮೊದಲ ಐ.ಐ.ಟಿ. ಆರಂಭವಾದುದೂ ಅಲ್ಲಿಯೇ.

ಬಿ-29 ರಲ್ಲಿ 30,000 ಅಡಿಯಲ್ಲಿಯೂ ಒಳಗಿನ ಒತ್ತಡ 8,000 ಅಡಿಯದಾಗಿತ್ತು. ಬಾಂಬು ಬೀಳಿಸಲು ತೆರೆಯುವ ಭಾಗಕ್ಕೆ ಒತ್ತಡ ತುಂಬಲಾಗದು. ಆದುದರಿಂದ ಮುಂದಿನ ಕೋಣೆಗೂ ನಡುವಿನ ಕೋಣೆಗೂ ಒಂದು ಕಿರಿದಾದ ಸುರಂಗ, ಅದರಲ್ಲಿ ತೆವಳಿಕೊಂಡು ಹೋಗಬೇಕು. ತೆರೆದ ಕಿಟಕಿಯಿಂದ ಬಂದೂಕು ಹಿಡಿಯಲಾಗದ ಕಾರಣ ಹೊರಗಿನ ಬಂದೂಕುಗಳನ್ನು ಒಳಗಿನಿಂದಲೇ ವಿದ್ಯುತ್ತಿನಿಂದ ತಿರುಗಿಸುವ ಏರ್ಪಾಡು. ಶತ್ರುವಿನ ಗುಂಡು ಕೋಣೆಯನ್ನು ತೂತುಮಾಡಿದರೆ ಒಳಗಿನ ಗಾಳಿ ಒಮ್ಮೆಲೇ ಹೊರನುಗ್ಗುವುದೆಂದು, ಗುರಿ ಹತ್ತಿರವಾದಾಗ ಒತ್ತಡ ಇಳಿಸಿ ಮಾಸ್ಕು ಧರಿಸುತ್ತಿದ್ದರು. 1945 ರ ಜನವರಿಯಲ್ಲಿ ನಗೋಯಾದ ಮೇಲೆ ಒಬ್ಬ ಗನ್ನರನ ಗಾಜಿನ ಗುಮ್ಮಟ ಒಡೆದು ಅವನು ಹೊರಗೆಸೆಯಲ್ಪಟ್ಟ. ಕಟ್ಟಿಕೊಂಡಿದ್ದ ಪಟ್ಟಿಯಿಂದ ಆಕಾಶದಲ್ಲಿ ನೇತಾಡುತ್ತಿದ್ದವನನ್ನು ಸಂಗಡಿಗರು ಒಳಗೆ ಎಳೆದುಕೊಂಡರು.

ಇಷ್ಟು ಹಣ, ಇಷ್ಟು ಜಾಣ್ಮೆ ಸುರಿದು ಕಟ್ಟಿದ ಎತ್ತರದ ವಿಮಾನವನ್ನು 1945 ರ ಮಾರ್ಚಿನಲ್ಲಿ ಏನು ಮಾಡಿದರು? ಜಪಾನಿನ ಮೇಲಣ ಎತ್ತರದ ಬಿರುಗಾಳಿಯಲ್ಲಿ ಗುರಿ ನಿಲ್ಲುವುದಿಲ್ಲವೆಂದು ರಾತ್ರಿಯಲ್ಲಿ ಹತ್ತು ಸಾವಿರ ಅಡಿಗಿಂತ ಕೆಳಗೆ ಇಳಿಸಿ ಟೋಕಿಯೋ ನಗರಕ್ಕೆ ಬೆಂಕಿಯಿಟ್ಟರು. ಆ ಒಂದು ರಾತ್ರಿಯಲ್ಲಿ ಸುಮಾರು ಒಂದು ಲಕ್ಷ ಜನ ಸತ್ತರೆನ್ನುತ್ತಾರೆ. ಆಗಸ್ಟ್ 6 ರಂದು ಹಿರೋಶಿಮಾದ ಮೇಲೆ ಮಾತ್ರ ಬಿ-29 ಮತ್ತೆ 30,000 ಅಡಿಗೂ ಮೇಲಿಂದಲೇ ಬಂದಿತು. ಹತ್ತು ಮಂದಿಯ ಉಸಿರು ಕಾಯುವ ವಿದ್ಯೆ, ಕೆಳಗಿನ ಲಕ್ಷ ಮಂದಿಯ ಉಸಿರು ನಿಲ್ಲಿಸುವ ಕೆಲಸಕ್ಕೆ ಒದಗಿತು. ಚರಿತ್ರೆಯ ಲೆಕ್ಕದಲ್ಲಿ ಈ ಖರ್ಚಿನ ಬಾಬನ್ನು ಮರೆಮಾಚಿ ಜಮೆಯನ್ನಷ್ಟೇ ಓದುವುದು ನಮಗೆ ಸರಿಯೆನಿಸುವುದಿಲ್ಲ.

ಜಮೆಯ ಬದಿಯಲ್ಲಿ ನಮ್ಮ ನಾಡಿಗೂ ಒಂದು ಸ್ಥಾನವಿದೆ. ಮುಂಬಯಿಯ ಉದ್ಯಮಿ ವಾಲಚಂದ ಹೀರಾಚಂದರು ಮೈಸೂರು ಸರ್ಕಾರದ ಸಹಾಯದಿಂದ 1940 ರ ಡಿಸೆಂಬರಿನಲ್ಲಿ ಬೆಂಗಳೂರಿನಲ್ಲಿ ಹಿಂದೂಸ್ತಾನ್ ವಿಮಾನ ಕಾರ್ಖಾನೆಯನ್ನು ಸ್ಥಾಪಿಸಿದರು. 1943 ರಿಂದ ಅಮೆರಿಕದ ಸೈನ್ಯ ತನ್ನ ವಿಮಾನಗಳನ್ನು ಅಲ್ಲಿ ದುರಸ್ತಿ ಮಾಡಿಸಿಕೊಂಡಿತು. ಯುದ್ಧ ಮುಗಿದಾಗ ಕಾನಪುರದಲ್ಲಿ ಕೆಡಿಸಿ ಬಿಟ್ಟುಹೋಗಿದ್ದ ಬಿ-24 ಲಿಬರೇಟರ್ ವಿಮಾನಗಳನ್ನು ಬೆಂಗಳೂರಿಗೆ ಹಾರಿಸಿ ತಂದು, ಮತ್ತೆ ಹೊಸದರಂತೆ ಮಾಡಿದವರು ಅದೇ ಕಾರ್ಖಾನೆಯ ಕೆಲಸಗಾರರು. ಭಾರತೀಯ ವಾಯುಪಡೆ 1948 ರಿಂದ 1968 ರ ಕೊನೆಯವರೆಗೆ ಅವನ್ನು ಬಳಸಿತು. 1957 ರಲ್ಲಿ ಬೆಂಗಳೂರಿನಲ್ಲಿಯೇ ವಾಯುಪಡೆಯ ವೈಮಾನಿಕ ವೈದ್ಯಶಾಲೆ ಆರಂಭವಾಯಿತು. ಪಾಲ್ ಬೇರ್ ಕಟ್ಟಿದಂತಹ ಒತ್ತಡ ಇಳಿಸುವ ಕೋಣೆಯ ಮೊಮ್ಮಕ್ಕಳು ಅಲ್ಲಿವೆ. ನಮ್ಮ ಯುವ ವೈಮಾನಿಕರು ತಮ್ಮ ಬುದ್ಧಿ ಹೇಗೆ ಕೈಕೊಡುತ್ತದೆಂಬುದನ್ನು ಅಲ್ಲಿ ಕಣ್ಣಾರೆ ಕಾಣುತ್ತಾರೆ. ಗಗನಯಾನಕ್ಕೆ ಆಯ್ಕೆಯಾದವರ ಮೊದಲ ಪರೀಕ್ಷೆಗಳು 2019 ರಲ್ಲಿ ನಡೆದುದೂ ಆ ಸಂಸ್ಥೆಯಲ್ಲಿಯೇ.

ನಮ್ಮ ಮನೆಗಳ ಹುಡುಗರು ಇಂದು ಕಂಪ್ಯೂಟರಿನ ಮುಂದೆ ಕುಳಿತು ಇದೇ ಸ್ಪಿಟ್‌ಫೈರನ್ನೂ ಬಿ-17 ನ್ನೂ ಹಾರಿಸುತ್ತಾರೆ. ಕೆಲವು ಆಟಗಳಲ್ಲಿ ಆಮ್ಲಜನಕದ ಗುಂಡಿಯನ್ನು ಒತ್ತಲು ಮರೆತು ಮೇಲೇರಿದರೆ ಪರದೆ ಮೆಲ್ಲನೆ ಕಪ್ಪಾಗುತ್ತದೆ. ಹುಡುಗ ಕೂಡಲೇ ಎಚ್ಚೆತ್ತು ಕೆಳಗಿಳಿಯುತ್ತಾನೆ. ಆಟ ಕಟ್ಟಿದವರ ಶ್ರದ್ಧೆಯನ್ನು ಮೆಚ್ಚಬೇಕು. ಆದರೆ ಆಟಕ್ಕೂ ನಿಜಕ್ಕೂ ಇರುವ ಅಂತರ ಇಲ್ಲಿಯೇ ಇದೆ. ಪರದೆ ಕಪ್ಪಾದುದನ್ನು ನೋಡುವ ಹುಡುಗನ ಬುದ್ಧಿ ಬೆಳಕಿನಲ್ಲಿದೆ. 1943 ರ ಆ ಗನ್ನರನಿಗೆ ಪರದೆಯೂ ಬುದ್ಧಿಯೂ ಒಂದೇ ಆಗಿದ್ದವು. ಮಕ್ಕಳು ಆಡುವಾಗ ಹಿರಿಯರು ಇಷ್ಟನ್ನು ಹೇಳಿಕೊಟ್ಟರೆ ಆಟದಿಂದ ಚರಿತ್ರೆಯ ಪಾಠವೂ ಆದೀತು.

ಇದು ಕೇವಲ ಹಳೆಯ ಯುದ್ಧದ ಮಾತೂ ಅಲ್ಲ. 2005 ರ ಆಗಸ್ಟ್ 14 ರಂದು ಸೈಪ್ರಸ್ಸಿನಿಂದ ಹೊರಟ ಹೀಲಿಯೋಸ್ ಕಂಪೆನಿಯ ವಿಮಾನದಲ್ಲಿ ಒತ್ತಡದ ಗುಂಡಿ ತಪ್ಪು ಸ್ಥಾನದಲ್ಲಿ ಉಳಿದಿತ್ತು. ಎಚ್ಚರಿಕೆಯ ಗಂಟೆ ಹೊಡೆಯಿತು. ಚಾಲಕರು ಅದನ್ನು ಬೇರೊಂದು ದೋಷದ ಗಂಟೆಯೆಂದು ತಿಳಿದರು. ಅದನ್ನು ಬಗೆಹರಿಸುವಷ್ಟರಲ್ಲಿ ಅವರ ಬುದ್ಧಿ ಮಂಕಾಯಿತು. ವಿಮಾನ ಗಂಟೆಗಟ್ಟಲೆ ತನ್ನಷ್ಟಕ್ಕೆ ಹಾರಿ ಅಥೆನ್ಸಿನ ಬಳಿ ಬಿದ್ದು 121 ಮಂದಿ ಸತ್ತರು.

ಹಬ್ಬಕ್ಕೋ ಮದುವೆಗೋ ನಾವು ಊರಿಗೆ ಹೋಗುವಾಗ, ಹಿಂದೆ ಇಪ್ಪತ್ತನಾಲ್ಕು ಗಂಟೆ ರೈಲಿನಲ್ಲಿ ಕುಳಿತ ದೂರವನ್ನು ಈಗ ಒಂದೂವರೆ ಗಂಟೆಯಲ್ಲಿ ಹಾರಿ ದಾಟುತ್ತೇವೆ. ಹೊರಗೆ ಕ್ಷಣಮಾತ್ರದಲ್ಲಿ ಪ್ರಜ್ಞೆ ತಪ್ಪಿಸುವ ಗಾಳಿ. ಒಳಗೆ ಆರೆಂಟು ಸಾವಿರ ಅಡಿಯ ಬೆಟ್ಟದ ಹವೆ. ನಡುವೆ ತಗಡಿನ ಒಂದು ಗೋಡೆ. ಹೊರಡುವ ಮುನ್ನ ಪರಿಚಾರಿಕೆ, ಮಾಸ್ಕು ಕೆಳಗೆ ಬಿದ್ದರೆ ಮೊದಲು ನೀವು ಧರಿಸಿ, ಆಮೇಲೆ ಮಗುವಿಗೆ ತೊಡಿಸಿ ಎನ್ನುತ್ತಾಳೆ. ತಾಯಂದಿರಿಗೆ ಈ ಮಾತು ಕಠಿಣವೆನಿಸುವುದು ಸಹಜ. ಆದರೆ ಮಗುವಿಗೆ ತೊಡಿಸಬೇಕೆಂಬ ಬುದ್ಧಿ ಅರ್ಧ ನಿಮಿಷದ ಮೇಲೆ ತಾಯಿಗೆ ಉಳಿದಿರಬೇಕಲ್ಲವೇ? ಆ ಎರಡು ವಾಕ್ಯಗಳ ಹಿಂದೆ ‘ಜೆನಿತ್’ ಬಲೂನಿನ ಇಬ್ಬರೂ, ಹೆಸರು ತಿಳಿಯದ ಎಷ್ಟೋ ಗನ್ನರುಗಳೂ ಇದ್ದಾರೆ. ಮುಂದಿನ ಸಾರಿ ಆಕೆ ಹೇಳುವಾಗ ಬಂಧುಗಳು ಕೈಯಲ್ಲಿಯ ಪತ್ರಿಕೆಯನ್ನು ಮಡಿಸಿ ಒಂದು ನಿಮಿಷ ಕಿವಿಗೊಡಬೇಕೆಂದು ನಮ್ಮ ಬಿನ್ನಹ.